ನಿಂತ ರೋಲರ್ ಕೋಸ್ಟರಿಗೆ ಟಿಕೆಟ್ ಮಾರುವುದನ್ನು ತಡೆಯುವಂತೆ ಕೋರಿ ಮನವಿ ಪತ್ರ

ಸ್ಥಳ: ಗಾಂಧಿ ಗಂಜ, ಬೀದರ್

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಬೀದರ್ ಜಿಲ್ಲೆ, ಬೀದರ್.

ಇಂದ,
ಗಾಂಧಿ ಗಂಜಿನ ಅಡತಿ ವರ್ತಕರು, ಗುಮಾಸ್ತರು, ಹಮಾಲರು ಹಾಗೂ ಸುತ್ತಲಿನ ನಿವಾಸಿಗಳು.

ವಿಷಯ: ನಗರದ ವಸ್ತುಪ್ರದರ್ಶನದಲ್ಲಿ ಹೊಸದಾಗಿ ಹಾಕಿರುವ ರೋಲರ್ ಕೋಸ್ಟರ್ ಪದೇ ಪದೇ ಕೆಟ್ಟು ನಿಲ್ಲುತ್ತಿರುವುದು, ನಿಂತಾಗಲೂ ಟಿಕೆಟ್ ಮಾರುತ್ತಿರುವುದು ಮತ್ತು ಹಣ ಹಿಂದಿರುಗಿಸದಿರುವ ಕುರಿತು.

ಉಲ್ಲೇಖ: 1. ಗುತ್ತಿಗೆದಾರರಿಗೆ ಬರೆದ ಪತ್ರ (ತೆಗೆದುಕೊಳ್ಳಲು ನಿರಾಕರಿಸಿದ್ದಾರೆ). 2. ಸಂಬಂಧಪಟ್ಟ ಕಚೇರಿಗೆ ಸಲ್ಲಿಸಿದ ಮನವಿಗಳು (ಸ್ವೀಕೃತಿ ಮೊಹರು ಇದೆ, ಉತ್ತರವಿಲ್ಲ).

ಮಾನ್ಯರೇ,

ಉಲ್ಲೇಖಿತ ಮನವಿಗಳಿಗೆ ಒಂದು ಸಾಲಿನ ಉತ್ತರ ಬಂದಿದ್ದರೂ ತಮ್ಮ ಅಮೂಲ್ಯ ಸಮಯ ಕೇಳುವ ಪ್ರಸಂಗ ಬರುತ್ತಿರಲಿಲ್ಲ. ಕಳೆದ ಭಾನುವಾರ ರಾತ್ರಿ ಔರಾದ್ ಕಡೆಯ ಹೆಣ್ಣುಮಕ್ಕಳು ಕೂಸುಗಳನ್ನು ಕಟ್ಟಿಕೊಂಡು ಸರದಿಯಲ್ಲಿ ನಿಂತೇ ಕೊನೆಯ ಬಸ್ಸು ತಪ್ಪಿಸಿಕೊಂಡರು; ಗಂಜಿನ ಅಂಗಡಿ ಕಟ್ಟೆಗಳ ಮೇಲೆ ಖಾಲಿ ಗೋಣಿಚೀಲ ಹಾಸಿಕೊಂಡು ಬೆಳಗು ಮಾಡಿದರು. ಅದನ್ನು ಕಣ್ಣಾರೆ ಕಂಡ ಮೇಲೂ ಸುಮ್ಮನಿರುವುದು ನಮ್ಮಿಂದ ಆಗಲಿಲ್ಲ.

ಹೊಸ ಯಂತ್ರಕ್ಕೆ ಮೊದಮೊದಲು ತೊಡಕು ಇದ್ದದ್ದೇ. ಸೆನ್ಸರಿಗೆ ಅನುಮಾನ ಬಂದರೆ ಗಾಡಿ ತಾನಾಗಿ ನಿಲ್ಲುವಂತೆ ಅದನ್ನು ಮಾಡಿರುತ್ತಾರೆ, ನಿಲ್ಲುವುದೇ ಕ್ಷೇಮ ಎಂಬುದನ್ನು ನಾವೂ ಬಲ್ಲೆವು. ಅಹಮದಾಬಾದಿನ ಕಾಂಕರಿಯಾದಲ್ಲಿ 2019ರ ಜುಲೈನಲ್ಲಿ ಆಟದ ಯಂತ್ರ ಮುರಿದು ಜೀವ ಹೋದದ್ದು, ಮೊಹಾಲಿಯ ಮೇಳದಲ್ಲಿ 2022ರ ಸೆಪ್ಟೆಂಬರಿನಲ್ಲಿ ಜನರನ್ನು ಹೊತ್ತ ಝೂಲಾ ಮೇಲಿನಿಂದ ಬಿದ್ದದ್ದು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದಾರೆ. ಆದ್ದರಿಂದ ಗಾಡಿ ನಿಂತದ್ದಕ್ಕೆ ನಮ್ಮ ತಕರಾರಿಲ್ಲ. ಗಾಡಿ ನಿಂತಾಗ ಕೌಂಟರ್ ಏಕೆ ನಿಲ್ಲುವುದಿಲ್ಲ ಎಂಬುದೇ ನಮ್ಮ ತಕರಾರು.

ಇರುವುದು ಒಂದೇ ಗಾಡಿ, ಸೀಟು ಹನ್ನೆರಡು. ಜನರನ್ನು ಕೂರಿಸಿ, ಎದೆಯ ಕಂಬಿ ಎಳೆದು ನೋಡಿ, ಸುತ್ತು ಮುಗಿಸಿ ಇಳಿಸಲು ಐದು ನಿಮಿಷ ಹಿಡಿದರೂ ತಾಸಿಗೆ 144 ಜನರಷ್ಟೇ ಹತ್ತಬಲ್ಲರು. ಕೌಂಟರಿನಲ್ಲಿ ಈ ಲೆಕ್ಕ ಯಾರಿಗೂ ಬೇಕಾಗಿಲ್ಲ. ಅನುಬಂಧ 1ರ ವಿಡಿಯೋದಲ್ಲಿ ಸಂಜೆ 6.50ಕ್ಕೆ ಗಾಡಿ ಏರಿನ ಮಧ್ಯದಲ್ಲೇ ನಿಂತಿದ್ದು, ಜನರನ್ನು ಪಕ್ಕದ ಮೆಟ್ಟಿಲಿನಿಂದ ಒಬ್ಬೊಬ್ಬರನ್ನಾಗಿ ಇಳಿಸುವುದು ಕಾಣುತ್ತದೆ. ಅನುಬಂಧ 2ರಲ್ಲಿ ಅದೇ ಸಂಜೆಯ ಟಿಕೆಟ್‌ಗಳಿವೆ. ಅವುಗಳ ಮೇಲೆ ಯಂತ್ರವೇ ಮುದ್ರಿಸಿದ ವೇಳೆ 7.05, 7.30, 8.00, ಕ್ರಮಸಂಖ್ಯೆ ಏರುತ್ತಲೇ ಹೋಗಿದೆ. ಅನುಬಂಧ 3ರ ಫೋಟೋದಲ್ಲಿ ‘ತಾಂತ್ರಿಕ ಕಾರಣ’ ಎಂದು ಸುಣ್ಣದಲ್ಲಿ ಬರೆದ ಹಲಗೆ ಇದೆ. ಅದನ್ನು ಕೌಂಟರಿನ ಎದುರಿಗಲ್ಲ, ಟಿಕೆಟ್ ಹರಿಸಿಕೊಂಡು ಒಳಗೆ ಹೋದವರಿಗಷ್ಟೇ ಕಾಣುವಂತೆ ಇಟ್ಟಿದ್ದಾರೆ. ಹಣ ಕೇಳಿದರೆ ಟಿಕೆಟ್ ಹರಿದಿದೆ, ವಾಪಸ್ಸಿಲ್ಲ ಎನ್ನುತ್ತಾರೆ. ಹರಿದವರು ಯಾರು ಸ್ವಾಮಿ? ಗೇಟಿನಲ್ಲಿ ನಿಂತ ಅವರ ಹುಡುಗನೇ. ‘ಅಭಿ ಚಾಲೂ ಹೋಗಾ’ ಎನ್ನುತ್ತಲೇ ಅವನು ಒಂದೂವರೆ ತಾಸು ಜನರನ್ನು ನಿಲ್ಲಿಸಿದ್ದಾನೆ.

ಸರದಿ ತಪ್ಪಿಸಿ ಹಿಂಬದಿಯ ಗೇಟಿನಿಂದ ಹೆಚ್ಚಿನ ಹಣಕ್ಕೆ ಬಿಡುತ್ತಿರುವುದಕ್ಕೆ ಅನುಬಂಧ 4 ನೋಡಬಹುದು. ಭಾಲ್ಕಿಯಿಂದ ತೊಗರಿ ಮಾರಲು ಬಂದು, ಲೆಕ್ಕ ಚುಕ್ತಾ ಆದ ಮೇಲೆ ಮಕ್ಕಳ ಹಟಕ್ಕೆ ಅಲ್ಲಿಗೆ ಹೋದ ರೈತನೊಬ್ಬ ಮುಂದೆ ನಿಂತಿದ್ದರೂ ಹಿಂದಿನಿಂದ ಬಂದವರು ಗಾಡಿ ಹತ್ತಿದ್ದಾರೆ.

ಮನರಂಜನಾ ಯಂತ್ರಗಳ ಸುರಕ್ಷತೆಗೆ ಐಎಸ್ 15475 ಇದೆ, ಸೇವಾ ನ್ಯೂನತೆಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಇದೆ. ಇವನ್ನು ತಮಗೆ ನಾವು ಓದಿ ಹೇಳಬೇಕಾಗಿಲ್ಲ. ಪರವಾನಗಿಗೆ ಸಹಿ ಹಾಕಿದವರಿಗೆ ಯಾರಾದರೂ ಓದಿ ಹೇಳಿದರೆ ಉಪಕಾರವಾದೀತು.



ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ, ಗಾಡಿ ನಿಂತ ಕ್ಷಣವೇ ಟಿಕೆಟ್ ಮಾರಾಟ ನಿಲ್ಲಬೇಕು. ಅರ್ಧ ತಾಸಿನೊಳಗೆ ಶುರುವಾಗದಿದ್ದರೆ ಹರಿದ ಟಿಕೆಟ್ಟಿಗೂ ಅಲ್ಲೇ ಹಣ ಕೊಡಬೇಕು. ದಿನದ ತಪಾಸಣೆಯ ಪುಸ್ತಕ ಮತ್ತು ವಿದ್ಯುತ್ ಸುರಕ್ಷತೆಯ ಪ್ರಮಾಣಪತ್ರವನ್ನು ಕೌಂಟರಿನ ಎದುರಿಗೇ ತೂಗುಹಾಕಿಸಬೇಕು. ಔರಾದ್, ಭಾಲ್ಕಿ ಕಡೆಯ ಕೊನೆಯ ಬಸ್ಸಿನ ವೇಳೆಯನ್ನು ಅಲ್ಲಿ ಬರೆಸಿ, ಆ ಊರುಗಳವರನ್ನು ಮುಂಚಿತವಾಗಿ ಹತ್ತಿಸಬೇಕು. ಈಗಾಗಲೇ ಹಣ ಕಳೆದುಕೊಂಡವರ ಟಿಕೆಟ್‌ಗಳು ಅನುಬಂಧ 2ರಲ್ಲೇ ಇರುವುದರಿಂದ ಅವರಿಗೆ ಹಣ ಹಿಂದಿರುಗಿಸಲು ಪ್ರತ್ಯೇಕ ವಿಚಾರಣೆಯ ಅಗತ್ಯ ಕಾಣುವುದಿಲ್ಲ.

ಗಂಜಿನ ಹಮಾಲರು ದಿನವಿಡೀ ಚೀಲ ಹೊತ್ತು ರಾತ್ರಿಯಷ್ಟೇ ಬಿಡುವಾಗುವವರಾದ್ದರಿಂದ ಅವರ ಕುಟುಂಬಗಳಿಗೆ ವಾರದಲ್ಲಿ ಒಂದು ದಿನ ಅರ್ಧ ದರ ಮಾಡಿಸಬೇಕು. ವೋಲ್ಟೇಜ್ ಏರಿಳಿತದಿಂದ ಗಾಡಿ ನಿಲ್ಲುತ್ತದೆ ಎಂದು ಗುತ್ತಿಗೆದಾರರೇ ಹೇಳುತ್ತಿರುವುದರಿಂದ, ದೊಡ್ಡ ಜನರೇಟರನ್ನು ಸ್ಥಳೀಯರಿಂದಲೇ ಬಾಡಿಗೆಗೆ ಪಡೆಯುವಂತೆ ಸೂಚಿಸಬಹುದು. ಈ ಪತ್ರಕ್ಕೆ ಸಹಿ ಹಾಕಿದವರಲ್ಲಿ ಇಬ್ಬರ ಬಳಿ ಅಂಥವು ಸುಸ್ಥಿತಿಯಲ್ಲಿವೆ. ಪ್ರದರ್ಶನದ ಒಳಗೆ ಮಿರ್ಚಿ ಭಜಿ ಹಾಗೂ ಕಬ್ಬಿನ ಹಾಲಿನ ಮಳಿಗೆಗಳಿಗೂ ಗಂಜಿನವರಿಗೆ ಆದ್ಯತೆ ಸಿಗಲೆಂದು ವಿನಂತಿ.

ಮುಂದಿನ ಭಾನುವಾರದೊಳಗೆ ಕ್ರಮ ಆಗದಿದ್ದರೆ ಇದೇ ಅನುಬಂಧಗಳೊಂದಿಗೆ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುತ್ತೇವೆ. ಅಂದು ಸಂಜೆ ಕೌಂಟರಿನ ಮುಂದೆಯೇ ಕೂರುತ್ತೇವೆ, ಟಿಕೆಟ್ ಕೊಳ್ಳದೆ.

ತಮ್ಮ ವಿಶ್ವಾಸಿಗಳು,
(ಸಹಿಗಳು ಪ್ರತ್ಯೇಕ ಹಾಳೆಗಳಲ್ಲಿ)

ಪ್ರತಿ: ಪೊಲೀಸ್ ವರಿಷ್ಠಾಧಿಕಾರಿಗಳು, ಬೀದರ್ ಇವರಿಗೆ ಮಾಹಿತಿಗಾಗಿ.