ಇಲ್ಲದ ರೋಗ, ಇರುವ ನೋವು

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನ ಕಾಯಕ ವೈದ್ಯವೃತ್ತಿ. ದೇಹದ ವ್ಯಾಧಿಗಳನ್ನು ಬಲ್ಲ ಆ ಶರಣನು ವೈದ್ಯಶಾಸ್ತ್ರದ ಪರಿಭಾಷೆಯನ್ನೇ ಬಳಸಿ ವಚನಗಳನ್ನು ರಚಿಸಿದನು. ಕಾಯವನ್ನೂ ಮನವನ್ನೂ ಒಟ್ಟಿಗೆ ನೋಡುವ ಆ ದೃಷ್ಟಿಯು ಇಂದು ಒಂದು ವ್ಯಾಧಿಯ ಸಂದರ್ಭದಲ್ಲಿ ವಿಶೇಷವಾಗಿ ನೆನಪಾಗುತ್ತದೆ. ತನಗೆ ರೋಗವಿದೆಯೆಂಬ ಅತಿಯಾದ ಭಯವೇ ಆ ವ್ಯಾಧಿ.

ಎದೆಯಲ್ಲಿ ಚಳುಕು ಮೂಡಿದೊಡನೆ ಹೃದ್ರೋಗವೆಂದೂ ತಲೆನೋವು ಬಂದೊಡನೆ ಮೆದುಳಿನ ಗೆಡ್ಡೆಯೆಂದೂ ಮನಸ್ಸು ತೀರ್ಪು ಕೊಡುತ್ತದೆ. ಇ.ಸಿ.ಜಿ., ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ಸರಿಯಿದ್ದರೂ ಸಮಾಧಾನ ನಾಲ್ಕು ದಿನ ನಿಲ್ಲದು. ಮತ್ತೊಬ್ಬ ವೈದ್ಯರ ಬಾಗಿಲು ತಟ್ಟುವುದಾಗುತ್ತದೆ. ಭಯಗೊಂಡಾಗ ಎದೆ ಬಡಿತ ಹೆಚ್ಚುವುದು, ಸ್ನಾಯುಗಳು ಬಿಗಿಯುವುದು, ಕೈ ನಡುಗುವುದು ಸಹಜ. ಆದರೆ ಭಯಪಡುವವನಿಗೆ ಅವೇ ರೋಗದ ಹೊಸ ಸಾಕ್ಷಿಗಳು. ಹೀಗೆ ಭಯವು ಲಕ್ಷಣವನ್ನು ಹೆತ್ತರೆ, ಲಕ್ಷಣವು ಭಯವನ್ನು ಸಾಕುತ್ತದೆ.

ಇಂಥವರನ್ನು ಕಂಡು ಲೋಕ ನಗುತ್ತದೆ. ಫ್ರಾನ್ಸಿನ ನಾಟಕಕಾರ ಮೋಲಿಯೇರನು 1673ರಲ್ಲಿ ಕಾಲ್ಪನಿಕ ರೋಗಿಯೊಬ್ಬನನ್ನು ಕುರಿತು ಪ್ರಹಸನ ಬರೆದು, ಆ ಪಾತ್ರವನ್ನು ತಾನೇ ಅಭಿನಯಿಸಿದನು. ನಾಲ್ಕನೆಯ ಪ್ರದರ್ಶನದ ದಿನ, ಫೆಬ್ರುವರಿ 17ರಂದು, ರಂಗದ ಮೇಲೆಯೇ ಅಸ್ವಸ್ಥನಾಗಿ ಅಂದೇ ತೀರಿಕೊಂಡನು. ಕಾಲ್ಪನಿಕ ರೋಗಿಯಾಗಿ ನಗಿಸಿದವನು ನಿಜರೋಗಿಯಾಗಿದ್ದನು! ಭಯಪಡುವವನಿಗೆ ನಿಜವಾದ ರೋಗ ಬಾರದೆಂದಿಲ್ಲ. ಆದುದರಿಂದ ದೂರನ್ನು ಗೌರವದಿಂದ ಕೇಳಿ, ಒಮ್ಮೆ ಸರಿಯಾಗಿ ಪರೀಕ್ಷಿಸುವುದು ವೈದ್ಯಧರ್ಮ.

ಪರೀಕ್ಷೆಯ ನಂತರದ ಹಾದಿಯೇ ಕಠಿಣ. ಮನೆಯವರು ಒಮ್ಮೆ ಗದರುತ್ತಾರೆ. ಮರುಕ್ಷಣ ಕರುಣೆಯಿಂದ, ಏನೂ ಆಗಿಲ್ಲವೆಂದು ಹತ್ತು ಬಾರಿ ಭರವಸೆ ಕೊಡುತ್ತಾರೆ. ಎರಡೂ ಫಲಿಸವು. ಗದರಿಕೆಯಿಂದ ನೊಂದವನು ಒಂಟಿಯಾಗುತ್ತಾನೆ. ಪದೇ ಪದೇ ಕೊಡುವ ಭರವಸೆಯು ಉಪ್ಪುನೀರಿನಂತೆ. ಕುಡಿದಷ್ಟೂ ದಾಹ ಹೆಚ್ಚುತ್ತದೆ. ನಂಬಿಕೆಯ ಒಬ್ಬರೇ ವೈದ್ಯರನ್ನು ನಿಗದಿತ ದಿನಗಳಲ್ಲಿ ಕಾಣುವುದು, ನಾಡಿಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವುದನ್ನೂ ಅಂತರ್ಜಾಲದಲ್ಲಿ ರೋಗ ಹುಡುಕುವುದನ್ನೂ ಕ್ರಮೇಣ ಕಡಿಮೆ ಮಾಡುವುದು ಹಿತಕರ. ಆಲೋಚನೆಯ ಹಾಗೂ ನಡವಳಿಕೆಯ ರೂಢಿಗಳನ್ನು ತಿದ್ದುವ ಮನೋಚಿಕಿತ್ಸೆಯಿಂದ ಅನೇಕರು ಚೇತರಿಸಿಕೊಂಡಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸೇವೆಯನ್ನು 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಪಡೆಯಬಹುದು. ಮನೋವೈದ್ಯರಲ್ಲಿಗೆ ಹೋಗುವುದು ಅಪಮಾನವೆಂಬ ಭಾವನೆ ಮೊದಲು ಅಳಿಯಬೇಕು. ರೋಗ ಕಲ್ಪಿತವಾಗಿರಬಹುದು, ಅದರ ಸಂಕಟ ಕಲ್ಪಿತವಲ್ಲ.

ನಾಳೆ ರೋಗ ಬಾರದೆಂದು ಯಾವ ವೈದ್ಯನೂ ಬರೆದುಕೊಡಲಾರನು. ಆ ಖಾತರಿಗಾಗಿ ಕಾದು ಕುಳಿತವನ ಇಂದಿನ ದಿನವೂ ಕಳೆದುಹೋಗುತ್ತದೆ. ಅವನೊಡನೆ ಹೆಂಡಿರು ಮಕ್ಕಳ ದಿನವೂ ಸೊರಗುತ್ತದೆ. ಖಾತರಿಯಿಲ್ಲದೆಯೂ ಎದ್ದು ಅಂದಿನ ಕಾಯಕಕ್ಕೆ ಕೈಹಚ್ಚುವುದೇ ಸ್ವಾಸ್ಥ್ಯದ ಮೊದಲ ಹೆಜ್ಜೆ. ಆ ಹೆಜ್ಜೆಯಿಡುವವನ ಕೈಹಿಡಿದು ನಡೆಸುವುದು ಬಂಧುಬಳಗದ ಕರ್ತವ್ಯ.