ಜೋಂಗಾ ಯಾರ ಸೊತ್ತು?

ಜಬಲ್‌ಪುರದ ಸರ್ಕಾರಿ ಕಾರ್ಖಾನೆಯ ಕಾರ್ಮಿಕರು 1969ರಿಂದ 1999ರವರೆಗೆ ನಿಸಾನ್ ಕಂಪನಿಯ ಪರವಾನಗಿಯ ಮೇಲೆ ಸೈನ್ಯಕ್ಕೆ ಜೋಂಗಾ ಗಾಡಿಗಳನ್ನು ಕಟ್ಟಿಕೊಟ್ಟರು. ಹಣ ಜನತೆಯದು, ಬೆವರು ಕಾರ್ಮಿಕರದು. ಸೈನ್ಯ ಹರಾಜು ಹಾಕಿದ ಅದೇ ಗಾಡಿಗಳು ಈಗ ಷೋಕಿದಾರರ ಅಂಗಳದಲ್ಲಿ ಹೊಸ ಬಣ್ಣ ಬಳಿದುಕೊಂಡು ನಿಂತಿವೆ. ಹಳೆಯ ಯಂತ್ರದ ಮೇಲಿನ ಪ್ರೀತಿಯನ್ನು ನಾವು ಹಳಿಯುವುದಿಲ್ಲ. ಅದನ್ನು ಗುಜರಿಗೆ ಬಿಡದೆ ಉಳಿಸಿದ ಮೆಕ್ಯಾನಿಕ್ಕಿನ ಕೈಗೆ ನಮ್ಮ ನಮಸ್ಕಾರ. ನಮ್ಮ ತಕರಾರು ಕಾನೂನಿನೊಡನೆ.

2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಮಾರಬಹುದು, ಕೊಳ್ಳಬಹುದು, ಪ್ರದರ್ಶನಕ್ಕೂ ರ್‍ಯಾಲಿಗೂ ಓಡಿಸಬಹುದು. ಬಾಡಿಗೆಗೆ, ದಿನನಿತ್ಯದ ಕೆಲಸಕ್ಕೆ ಮಾತ್ರ ಕೂಡದು! ಮೆರೆಯುವ ಜೀಪಿಗೆ ಮನ್ನಣೆ. ನಮ್ಮ ಮಲೆನಾಡಿನ ಏರುದಾರಿಯಲ್ಲಿ ಕೂಲಿಗಳನ್ನೂ ರೋಗಿಗಳನ್ನೂ ಹೊತ್ತು ದುಡಿಯುವ ಮುದಿ ಜೀಪಿಗೆ ಆ ಮನ್ನಣೆಯಿಲ್ಲ. ದುಡಿಯುವುದು ಅಪರಾಧವೇ?

ನಾವು ಕೇಳುವುದಿಷ್ಟೆ. ಬ್ರೇಕು ಗಟ್ಟಿಯಿದ್ದು, ಹೊಗೆ ಮಿತಿಯಲ್ಲಿದ್ದರೆ ದುಡಿಯುವ ಹಳೆಯ ಗಾಡಿಗೂ ಅದೇ ಗೌರವ ಸಲ್ಲಲಿ. ಸೈನ್ಯದ ಗಾಡಿ ಹರಾಜಿಗೆ ಬಂದರೆ ಬಸ್ಸು ಕಾಣದ ಹಳ್ಳಿಗಳ ಸಹಕಾರ ಸಂಘಗಳಿಗೆ ಮೊದಲ ಹಕ್ಕು ಸಿಗಲಿ. ಜನರ ಹಣದಲ್ಲಿ ಹುಟ್ಟಿದ್ದು ಜನರ ಕೆಲಸದಲ್ಲೇ ಸವೆಯಲಿ.