ನೆಲದಾಗ ಹೂಳೋ ಜಾಯಿಂಟಿಗೆ ಕನೆಕ್ಟರ್ ಬ್ಯಾಡ

ಹನಿ ನೀರಾವರಿಗೆ ಆಟೊಮೇಷನ್ ಹಾಕಿಸುವ ನಮ್ಮ ಕವಿತಾಳ ಕಡೆಯ ಹುಡುಗರು ಆ್ಯಪ್ ಬಗ್ಗೆ ನೂರು ಪ್ರಶ್ನೆ ಕೇಳ್ತಾರೆ. ವೈರ್ ಜಾಯಿಂಟ್ ಬಗ್ಗೆ ಒಂದೂ ಇಲ್ಲ. ಮಳೆಗಾಲದಾಗ ವಾಲ್ವ್ ತೆರೆಯಲಿಲ್ಲ ಅಂದ್ರ ನಾನು ಮೊದಲು ಅನುಮಾನ ಪಡೋದು ಜಾಯಿಂಟ್ ಮೇಲೆ, ಆಮೇಲೆ ಕಂಟ್ರೋಲರ್ ಮೇಲೆ.

ಲೆಕ್ಕ ಸರಳ ಅದ. ಕೆಟ್ಟ ಜಾಯಿಂಟಿನಾಗ ಅರ್ಧ ಓಮ್ ತಡೆ ಇದ್ದು, 2 ಆಂಪಿಯರ್ ಕರೆಂಟ್ ಹರಿದರೆ 1 ವೋಲ್ಟ್ ಅಲ್ಲೇ ಹೋಗ್ತದ. 230 ವೋಲ್ಟಿನೊಳಗ ಅದು ಗೊತ್ತೇ ಆಗಲ್ಲ. 12 ವೋಲ್ಟಿನೊಳಗ ಹನ್ನೆರಡರಲ್ಲಿ ಒಂದು ಪಾಲು ಹೋದಂಗ. ಡಿಸಿ ವೈರಿಗೆ ಒಳಗ ನೀರು ಹೊಕ್ಕರಂತೂ ಪ್ಲಸ್ ಕಡೆಯ ತಾಮ್ರ ಹಸಿರು ಕಿಲುಬು ಹಿಡಿದು ಸವೀತದ. ಗೊಬ್ಬರದ ಉಪ್ಪು ಕರಗಿದ ನೀರಾದರೆ ಇನ್ನೂ ಬೇಗ.

ಅಂಗಡಿಯವರು ‘ವಾಟರ್‌ಪ್ರೂಫ್ ಕನೆಕ್ಟರ್, ಐಪಿ67’ ಅಂತ ಕೊಡ್ತಾರೆ. ಐಪಿ67 ಅಂದ್ರ 1 ಮೀಟರ್ ನೀರಿನಾಗ 30 ನಿಮಿಷ ಮುಳುಗಿಸಿಟ್ಟು ಮಾಡಿದ ಪರೀಕ್ಷೆ. ತಿಂಗಳುಗಟ್ಟಲೆ ಹಸಿ ಎರೆಮಣ್ಣಿನಾಗ ಹೂತಿಡಲಿಕ್ಕೆ ಕೊಟ್ಟ ಗ್ಯಾರಂಟಿ ಅಲ್ಲ. ಅದರ ಜೀವ ಇರೋದು ಒಂದು ರಬ್ಬರ್ ರಿಂಗಿನಾಗ. ವೈರಿನ ದಪ್ಪ ಅದಕ್ಕೆ ಸರಿ ಕೂಡಬೇಕು, ಮುಚ್ಚುವಾಗ ಒಂದು ಕಾಳು ಮಣ್ಣೂ ಇರಬಾರದು. ಕೈತುಂಬ ಕೆಸರು ಮಾಡ್ಕೊಂಡು ಹೊಲದಾಗ ಕೂತಾಗ ಇದು ಆಗೋ ಮಾತಾ?

ನಮ್ಮ ನೆಲದ ಗುಣ ಬೇರೆ. ಬ್ಯಾಸಿಗಿಯಾಗ ಎರೆ ಹೊಲ ಕೈ ಹೋಗುವಷ್ಟು ಬಿರಿಯತದ, ನೀರು ಬಿದ್ದರೆ ಉಬ್ಬತದ. ವೈರನ್ನ ವರ್ಷಾ ಎಳೀತಿರ್ತದ. ಎಳೆತಕ್ಕೆ ಕನೆಕ್ಟರ್ ಕೂದಲೆಳೆಯಷ್ಟು ಸಡಿಲಾದರೂ ಸಾಕು, ನೀರು ಒಳಗ.

ಅದಕ್ಕೇ ನೆಲದೊಳಗ ಸೀಲ್ ಮಾಡಿದ ಜಾಯಿಂಟೇ ಇರಲಿ ಅಂತೀನಿ. ತಾಮ್ರ ಹೊಳೆಯುವಂಗ ಕೆರೆದು, ಗಟ್ಟಿಯಾಗಿ ಕ್ರಿಂಪ್ ಮಾಡಿ, ಒಳಗ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕ್ರಿ. ಕಾಸಿದಾಗ ಎರಡೂ ತುದಿಯಿಂದ ಅಂಟು ಹೊರಗ ಇಣುಕಬೇಕು. ಅಂಟಿಲ್ಲದ ಅಗ್ಗದ ಟ್ಯೂಬ್ ನೀರು ತಡೆಯಲ್ಲ. ವಾಲ್ವ್ ಕಾಯಿಲಿನ ಸಣ್ಣ ವೈರಿಗೆ ಜೆಲ್ ತುಂಬಿದ ಕ್ಯಾಪ್ ಸಾಕು. ಕರಿ ಟೇಪ್ ಸುತ್ತಿ ಹೂಳೋದು ಬ್ಯಾಡ್ರಿ. ನಮ್ಮ ಬಿಸಿಲಿಗೆ ಅದರ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ತದ.

‘ಸೀಲ್ ಮಾಡಿದ್ದನ್ನ ಮತ್ತ ಬಿಚ್ಚಲಿಕ್ಕೆ ಬರಲ್ಲಲ್ರಿ’ ಅಂತೀರಿ. ಖರೆ. ಅದಕ್ಕೆ ಜಾಯಿಂಟಿನ ಎರಡೂ ಕಡೆ ಎರಡೆರಡು ಅಡಿ ವೈರ್ ಸುತ್ತಿ ಸಡಿಲ ಬಿಡ್ರಿ. ನಾಳೆ ಕೆಟ್ಟರೆ ಕತ್ತರಿಸಿ ಹೊಸದು ಹಾಕಬಹುದು, ನೆಲ ಬಿರಿದಾಗ ಎಳೆತವೂ ಅದೇ ತಾಳ್ತದ.

ಕನೆಕ್ಟರಿಗೆ ಜಾಗ ಇಲ್ಲ ಅಂತಲ್ಲ. ಸೆನ್ಸರ್, ಕಂಟ್ರೋಲರ್, ಬ್ಯಾಟರಿ ಸ್ಪ್ರೇಯರ್ ಹಂಗ ಆಗಾಗ ಬಿಚ್ಚೋ ಕಡೆ ಅದೇ ಸರಿ. ಆದರೆ ನೆಲದ ಮೇಲೆ, ಬಾಕ್ಸಿನೊಳಗ. ವೈರ್ ಕೆಳಗಿನಿಂದ ಬರಲಿ, ಹನಿ ಅದರ ಮೇಲೆ ಹರಿದು ಒಳಗ ಇಳಿಯಲ್ಲ. ಗಂಡು-ಹೆಣ್ಣು ಎರಡೂ ತುಂಡು ಒಂದೇ ಕಂಪನಿಯವು ಇರಲಿ.

ಬೋರಿನ ಮೋಟರ್ ಕೇಬಲ್ಲಿಗೆ ಈ ಮಾತು ಯಾವುದೂ ಹಚ್ಚಬ್ಯಾಡ್ರಿ. ಅದು ಜೀವ ತೆಗೆಯೋ ಕರೆಂಟ್, ಗೊತ್ತಿದ್ದ ಎಲೆಕ್ಟ್ರಿಷಿಯನ್ನೇ ಮಾಡಬೇಕು.

ಹೂಳೋ ಮುಂಚೆ ಒಂದು ಫೋಟೊ ತಗೊಳ್ರಿ, ಬದುವಿನ ಕಲ್ಲೋ ಗಿಡವೋ ಕಾಣುವಂಗ, ಪಕ್ಕದಾಗ ಅಳತೆ ಟೇಪ್ ಇಟ್ಟು. ಮೊಬೈಲಿನ ಜಿಪಿಎಸ್ ಹಲವು ಮೀಟರ್ ಆಚೀಚೆ ತೋರಿಸ್ತದ, ಅದನ್ನ ನಂಬಿ ಅಗೆದರೆ ಅರ್ಧ ಸಾಲು ಬೆಳೆ ಹೋಗ್ತದ.